ಇಜಾಜನ ಎಡಗೈ

ಬೈಕಿನ ಮೇಲೆ ಮೂವರಿಗೆ ಜಾಗವಾಗುವುದಿಲ್ಲ ಎಂದು ಹೆಂಡತಿಗೆ ಹೇಳಿ ಬಂದದ್ದು ಹತ್ತಿಮತ್ತೂರಿನ ಕೊನೆಯ ಮನೆ ದಾಟುವ ಮೊದಲೇ ಮುಸ್ತಾಕನನ್ನು ಚುಚ್ಚತೊಡಗಿತ್ತು. ಇದೇ ಬೈಕಿನ ಮೇಲೆ ಮೂವರೂ ಕೂತು, ಶಾಕೀರಾಳ ತೊಡೆಯ ಮೇಲೆ ಒಂದು ಹಿಟ್ಟಿನ ಡಬ್ಬಿಯನ್ನೂ ಹೇರಿಕೊಂಡು, ಆಕೆಯ ತವರು ಚಿಕ್ಕೇರೂರಿನವರೆಗೆ ಎಷ್ಟು ಸಲ ಹೋಗಿಬಂದಿಲ್ಲ. ಈ ದಿನ ಆಕೆ ಬುರ್ಖಾ ಹಾಕಿಕೊಂಡು, ಕೋಳಿಗಳನ್ನು ಬುಟ್ಟಿಯಡಿ ಮುಚ್ಚಿ, ಮನೆಯ ಕೀಲಿಯನ್ನು ಪಕ್ಕದ ಮನೆಯ ದಿಲ್ಶಾದಳ ಕೈಗೆ ಕೊಟ್ಟು, ಹೊರಡಲು ಸಿದ್ಧಳಾಗಿಯೇ ನಿಂತಿದ್ದಳು. ಹುಡುಗನ ಸಣ್ಣಂದಿನದ್ದು ಏನಾದರೂ ಕೇಳಿದರೆ ನಾನಿದ್ದರೆ ಛಲೋ ಅಲ್ಲೇನು ಎಂದೂ ಅಂದಿದ್ದಳು. ಅವನು ಹೆದರಿದ್ದೂ ಅದಕ್ಕೇ. ಡಾಕ್ಟರು ಕೇಳುತ್ತಾರೆ, ಈಕೆ ಉತ್ತರ ಹೇಳುತ್ತಾಳೆ, ಹೇಳುವಾಗ ತಾನು ಡಾಕ್ಟರರನ್ನು ನೋಡದೆ ಈಕೆಯ ಮುಖವನ್ನೇ ನೋಡುತ್ತ ಕೂತುಬಿಡುತ್ತೇನೆ ಎಂಬುದು ಅವನಿಗೆ ಗೊತ್ತಿತ್ತು. ಪೆಟ್ರೋಲ್ ಟ್ಯಾಂಕಿನ ಮೇಲಿನ ಧೂಳನ್ನು ಬೇಕಿಲ್ಲದಿದ್ದರೂ ಒರೆಸುತ್ತ, ಹೈವೇದಲ್ಲಿ ಪೊಲೀಸರು ಹಿಡಿಯುತ್ತಾರೆ ಎಂದ. ಆಕೆ ಚಪ್ಪಲಿ ಕೂಡ ಬಿಡದೆ, ಕೊಟ್ಟ ಕೀಲಿಯನ್ನು ಇಸಿದುಕೊಂಡು ಬರಲು ದಿಲ್ಶಾದಳ ಮನೆಯ ಕಡೆ ನಡೆದಳು. ಹಂಗೆ ತಿರುಗಿ ಹೋದ ಆಕೆಯ ಬೆನ್ನು ಈಗಲೂ ಅವನ ಕಣ್ಣ ಮುಂದೆಯೇ, ರಸ್ತೆಗೆ ಅಡ್ಡವಾಗಿ ನಿಂತಂತೆ ಇತ್ತು.

ಹಿಂದೆ ಕೂತ ಇಜಾಜ ಇಬ್ಬರ ನಡುವೆ ಒಂದು ದೊಡ್ಡ ಲಕೋಟೆಯನ್ನು ಮಡಚದಂತೆ ಹಿಡಿದುಕೊಂಡಿದ್ದ. ಗಾಳಿ ಬಂದಾಗಲೆಲ್ಲ ಅದು ಮುಸ್ತಾಕನ ಬೆನ್ನಿಗೆ ಬಡಿಯುತ್ತಿತ್ತು. ಅದರೊಳಗೆ ಹುಡುಗನ ಎಡಗೈಯ ಎಕ್ಸ್‌ರೇ. ರಾಜ್ಯದ ಕಬಡ್ಡಿ ತಂಡಕ್ಕೆ, ಹದಿನಾರರೊಳಗಿನ ಹುಡುಗರ ತಂಡಕ್ಕೆ, ಇಡೀ ಹಾವೇರಿ ಜಿಲ್ಲೆಯಿಂದ ಆರಿಸಿ ಬಂದವನು ಇವನೊಬ್ಬನೇ. ವಯಸ್ಸು ಕದ್ದು ಆಡುವವರು ಹೆಚ್ಚಾಗಿದ್ದಾರೆಂದು ಈ ಸಲ ಕಾಗದಪತ್ರಗಳನ್ನೆಲ್ಲ ಬದಿಗಿಟ್ಟು, ಸಾಲಾಗಿ ನಿಲ್ಲಿಸಿ, ಪ್ರತಿಯೊಬ್ಬ ಹುಡುಗನ ಎಡ ಮಣಿಕಟ್ಟಿನ ಚಿತ್ರ ತೆಗೆದಿದ್ದರು. ಇಜಾಜನ ಎಲುಬು ಹದಿನೇಳು ದಾಟಿದೆ ಎಂದು ಬಂತು. ಅವನಿಗೆ ಹದಿನೈದು ಮುಗಿದು ಇನ್ನೂ ಒಂದು ರಂಜಾನ್ ಆಗಿಲ್ಲ. ಸಾಲಿಯ ಕಬಡ್ಡಿ ಮಾಸ್ತರ ಚನ್ನೇಶ ಯಾರ್ಯಾರದೋ ಕೈಕಾಲು ಹಿಡಿದು ಇಷ್ಟಾದರೂ ಮಾಡಿಸಿದ್ದರು. ಶಿಗ್ಗಾವಿಯಲ್ಲಿ ಎಲುಬಿನ ಚಿತ್ರ ಓದುವ ಡಾಕ್ಟರೊಬ್ಬರಿದ್ದಾರೆ, ಅವರು ಹುಡುಗನನ್ನೂ ಚಿತ್ರವನ್ನೂ ನೋಡಿ, ಮನೆಯವರನ್ನು ಕೇಳಿ, ಸಂಜೆಯೊಳಗೆ ಏನು ಬರೆದು ಕಳಿಸುತ್ತಾರೋ ಅದೇ ಕಡೆಯ ಮಾತು. ನಾಳೆ ಶಿಬಿರ ಶುರುವಾಗುವುದಿತ್ತು. ಹುಡುಗ ನಿನ್ನೆಯೇ ಬ್ಯಾಗು ತುಂಬಿ, ಬಾಗಿಲ ಹಿಂದೆ ಇಟ್ಟಿದ್ದ.

ಮಷಿನ್ನು ಸುಳ್ಳು ಹೇಳುವುದಿಲ್ಲ ಎಂದು ಮುಸ್ತಾಕ ತಾನೇ ಎಷ್ಟು ಮಂದಿಗೆ ಹೇಳಿಲ್ಲ. ಅವನದು ಗೂಡ್ಸ್ ಗಾಡಿ. ಸವಣೂರಿನ ವೀಳ್ಯದೆಲೆಯ ಪೆಂಡಿಗಳನ್ನು ಹುಬ್ಬಳ್ಳಿಗೆ, ಮೆಣಸಿನಕಾಯಿ ಚೀಲಗಳನ್ನು ಬ್ಯಾಡಗಿಗೆ ಸಾಗಿಸುವವನು. ಮನೆಯಲ್ಲಿ ತೂಗಿದ್ದಕ್ಕೂ ಪೇಟೆಯಲ್ಲಿ ತೂಗಿದ್ದಕ್ಕೂ ಫರಕು ಬಂದು ರೈತರು ಕೂಗಾಡುವಾಗ ಗಾಡಿಯಿಂದ ಇಳಿದು ಬಂದು, ಏ ಕಾಕಾ, ಕಾಟಾಕ್ಕ ಬೀಗರಿಲ್ಲ ನೆಂಟರಿಲ್ಲ, ಅದ್ಯಾಕ ಸುಳ್ಳು ಹೇಳ್ತದ ಎಂದು ನಗಿಸುತ್ತಿದ್ದವನು ಅವನು. ಮಾತೆಂದರೆ ಅವನಿಗೆ ಇಷ್ಟ. ಪಂದ್ಯಕ್ಕೆ ಹೋಗುವಾಗ ಇಡೀ ತಂಡವನ್ನು ಗಾಡಿಯ ಹಿಂದೆ ಹತ್ತಿಸಿಕೊಂಡು, ಹಾನಗಲ್ಲಿನವರೆಗೂ ಹಿರೇಕೆರೂರಿನವರೆಗೂ ಹುಡುಗರಿಗಿಂತ ಹೆಚ್ಚು ತಾನೇ ಹರಟುತ್ತ ಹೋಗುತ್ತಿದ್ದ. ಮಗ ಎದುರಾಳಿಯ ಅಂಗಳಕ್ಕೆ ನುಗ್ಗಿದಾಗ ಗೆರೆಯ ಹೊರಗೆ ತಾನೂ ಓಡಾಡಿ, ಪಂಚರಿಂದ ಬೈಸಿಕೊಳ್ಳುತ್ತಿದ್ದ. ಅಂಥವನ ಬಾಯಿ ಈಗ ಎರಡು ವಾರದಿಂದ ಒಣಗಿತ್ತು. ಊರಲ್ಲಿ ಎಲ್ಲರೂ ಅದನ್ನು ಮಗನಿಗಾದ ಅನ್ಯಾಯದ ಸಂಕಟ ಎಂದೇ ತಿಳಿದಿದ್ದರು. ಶಾಕೀರಾಳೂ ಹಾಗೇ ತಿಳಿದು, ಅವನ ಚಹಾಕ್ಕೆ ಒಂದು ಚಮಚ ಸಕ್ಕರೆ ಹೆಚ್ಚು ಹಾಕುತ್ತಿದ್ದಳು.

ಅವನ ಬಾಯಿ ಒಣಗಿಸಿದ ಆ ಮಾತು ಆಡಿದ ಮೈಲಾರಿ ಕೆಟ್ಟವನಲ್ಲ. ಒಂದು ಕಾಲಕ್ಕೆ ತಾನೂ ಜಿಲ್ಲೆಗೆ ಆಡಿದವನು, ಇಜಾಜನಿಗೆ ಕಾಲು ಹಿಡಿಯುವ ಪಟ್ಟು ಕಲಿಸಿದವನು. ಎಕ್ಸ್‌ರೇ ಸುದ್ದಿ ಬಂದ ದಿನ ಪರಮೇಶನ ಚಹಾದಂಗಡಿಯಲ್ಲಿ ಎಲ್ಲರೂ ಸರಕಾರವನ್ನೂ ಸಮಿತಿಯನ್ನೂ ಬೈಯುತ್ತ ಕೂತಿದ್ದಾಗ, ವಾತಾವರಣ ಹಗುರಾಗಲಿ ಎಂದೇ ಅವನು ಅಂದದ್ದು.

"ಮುಸ್ತಾಕಣ್ಣ, ಮಷಿನ್ ಲೆಕ್ಕ ಖರೇ ಆದ್ರ, ನಿನ್ನ ನಿಕಾದಾಗ ನಿನ್ನ ಮಗನ ನಿಂತು ಬಿರ್ಯಾನಿ ಬಡಿಸಿರಬೇಕು ನೋಡ್."

ಎಲ್ಲರೂ ನಕ್ಕರು. ಮುಸ್ತಾಕನೂ ನಕ್ಕ, ಎಲ್ಲರಿಗಿಂತ ಜೋರಾಗಿಯೇ ನಕ್ಕ. ಹೌದ್ಲೇ, ಅದಕ್ಕ ಬಿರ್ಯಾನಿ ಕಡಿಮಿ ಬಿದ್ದಿತ್ತು ಎಂದು ಸೇರಿಸಿಯೂ ಬಿಟ್ಟ. ಅಂಗಡಿಯ ಹೊರಗೆ ಬೈಕಿಗೆ ಒರಗಿ ನಿಂತಿದ್ದ ಇಜಾಜ ಮಾತ್ರ ನಗದೆ ಅಪ್ಪನನ್ನೇ ನೋಡುತ್ತಿದ್ದ. ಮನೆಗೆ ಬರುವ ದಾರಿಯಲ್ಲಿ ಆ ನಗೆ ತಾನಾಗಿಯೇ ನಿಂತಿತು, ನಿಂತ ಮೇಲೆ ಆ ಮಾತಿನ ಲೆಕ್ಕವಷ್ಟೇ ಉಳಿಯಿತು. ಮದುವೆಯಾಗಿ ಹದಿನಾರು ವರ್ಷ. ಎಲುಬಿಗೆ ಹದಿನೇಳು. ಛೀ, ಎಂಥ ಮನುಷ್ಯ ನಾನು ಎಂದು ಅವನು ಅಲ್ಲಿಯೇ ತಲೆ ಕೊಡವಿಕೊಂಡ. ಆದರೆ ಮನಸ್ಸು ಕೊಡವಿದಷ್ಟಕ್ಕೆ ಉದುರುವ ಹಾಗೆ ಇರಲಿಲ್ಲ. ಮದುವೆಯಾಗಿ ಎರಡು ತಿಂಗಳು ತುಂಬುವ ಮೊದಲೇ ವೀಸಾ ಬಂದು, ಅವನು ಸೌದಿಗೆ, ದಮ್ಮಾಮಿಗೆ ಹೋಗಿದ್ದ. ಶಾಕೀರಾ ಬಸುರಾದದ್ದನ್ನು ಅವನು ಕಿವಿಯಿಂದ ಕೇಳಿದ್ದನೇ ಹೊರತು ಕಣ್ಣಿಂದ ಕಂಡಿರಲಿಲ್ಲ. ಚೊಚ್ಚಲ ಹೆರಿಗೆ ತವರಿನಲ್ಲಿ, ಚಿಕ್ಕೇರೂರಿನ ಮನೆಯಲ್ಲಿಯೇ ಆಯಿತು. ಆಸ್ಪತ್ರೆಯವರೂ ಇಲ್ಲ, ಅವನ ಕಡೆಯವರು ಒಬ್ಬರೂ ಇಲ್ಲ. ಎರಡು ವರ್ಷ ದಾಟಿದ ಮೇಲೆ ಅವನು ಬಂದಾಗ ಒಂದೂವರೆ ವರ್ಷದ ಮಗ ಅಂಗಳದಲ್ಲಿ ಓಡುತ್ತಿದ್ದ.

ಆ ಅಂಗಳವನ್ನು ಅವನು ಇಷ್ಟು ವರ್ಷ ಸಂತೋಷದ ಜಾಗವೆಂದೇ ಮನಸ್ಸಿನಲ್ಲಿ ಇಟ್ಟುಕೊಂಡಿದ್ದ. ಹುಣಸೆಮರದ ನೆರಳು, ಬಿಸಿಲಿಗೆ ಹರವಿದ ಶ್ಯಾವಿಗೆ, ಅದರ ಸುತ್ತ ಕೋಳಿ ಓಡಿಸುತ್ತಿದ್ದ ಗುಂಗುರು ಕೂದಲಿನ ಹುಡುಗ. ಅವನು ಕೈ ಚಾಚಿದಾಗ ಹುಡುಗ ಹೆದರಿ ಅಜ್ಜಿ ಚಮನಬಿಯ ಸೀರೆಯೊಳಗೆ ಮುಖ ಹುದುಗಿಸಿ, ಯಾರಿಂವ ಎಂದು ಕೇಳಿತ್ತು. ಎಲ್ಲರೂ ಬಿದ್ದು ಬಿದ್ದು ನಕ್ಕಿದ್ದರು. ಎಂಟು ತಿಂಗಳಿಗೆ ನಡೆದದ್ದು, ಇದರ ಚುರುಕುತನ ಏನು ಕೇಳುತ್ತೀ ಅಳಿಯಾ ಎಂದು ಚಮನಬಿ ಹೇಳಿದ್ದಳು. ಈಗ ಅದೇ ಅಂಗಳಕ್ಕೆ ಅವನು ದಿನಕ್ಕೆ ಎಷ್ಟೋ ಸಲ ಹೋಗಿಬರುತ್ತಿದ್ದ, ಕಳ್ಳನ ಹಾಗೆ, ಹುಡುಗನ ಎತ್ತರವನ್ನು ಕಣ್ಣಲ್ಲೇ ಅಳೆಯಲು. ಅಷ್ಟು ಸಣ್ಣದು ಅಷ್ಟು ಸ್ಪಷ್ಟ ಮಾತಾಡುತ್ತದೆಯೆ? ಅವರು ನಕ್ಕದ್ದು ಯಾಕೆ? ಚಮನಬಿ ಕೇಳದಿದ್ದರೂ ಎಂಟು ತಿಂಗಳು ಎಂದು ಯಾಕೆ ಹೇಳಿದಳು? ಚಿಕ್ಕೇರೂರಿಗೆಲ್ಲ ಗೊತ್ತಿದ್ದದ್ದು ಹತ್ತಿಮತ್ತೂರಿಗೆ ಮಾತ್ರ ಗೊತ್ತಿಲ್ಲವೆ? ಒಂದು ದಿನ ತಡೆಯಲಾರದೆ, ರೊಟ್ಟಿ ಬಡಿಯುತ್ತಿದ್ದ ಶಾಕೀರಾಳನ್ನು, ಏನೋ ನೆನಪಾದವನಂತೆ, ಇವನು ಎಷ್ಟು ತಿಂಗಳಿಗೆ ನಡೆದಿದ್ದ ಎಂದು ಕೇಳಿದ. ಆಕೆ ಹಿಟ್ಟು ಹತ್ತಿದ ಕೈಯನ್ನು ಹಣೆಗೆ ಒರೆಸಿಕೊಂಡು, ನೆನೆಸಿಕೊಂಡು, ನಕ್ಕು, ಒಂಬತ್ತಕ್ಕೆ ಎಂದಳು. ಒಂಬತ್ತು. ತಾಯಿ ಎಂಟು ಎಂದಿದ್ದಳು, ಮಗಳು ಒಂಬತ್ತು ಎನ್ನುತ್ತಾಳೆ. ಅವನು ಎದ್ದು ಹಿತ್ತಲಿಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ನಿಂತ. ಒಂದು ತಿಂಗಳ ಫರಕನ್ನು ಹಿಡಿದುಕೊಂಡು ನಿಂತ ತನ್ನನ್ನು ತಾನೇ ಯಾರೋ ಬೇರೆಯವನನ್ನು ನೋಡುವಂತೆ ನೋಡಿದ. ಅಸಹ್ಯವಾಯಿತು. ಆದರೂ ಆ ತಿಂಗಳನ್ನು ಕೈಯಿಂದ ಬಿಡಲಿಲ್ಲ.

ಶಿಗ್ಗಾವಿಯ ಆಸ್ಪತ್ರೆಯ ಮುಂದೆ ಚನ್ನೇಶ ಮಾಸ್ತರ ಇವರಿಗಿಂತ ಮೊದಲೇ ಬಂದು ಕಾಯುತ್ತಿದ್ದರು. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಇಜಾಜನ ಪಂದ್ಯಗಳ ಪ್ರಮಾಣಪತ್ರಗಳ ಕಟ್ಟು. ತಾಯಿ ಬರಲಿಲ್ಲೇನು ಎಂಬುದೇ ಅವರ ಮೊದಲ ಮಾತು. ಮುಸ್ತಾಕ ಬೈಕಿನ ಸ್ಟ್ಯಾಂಡ್ ಹಾಕುತ್ತ, ಜ್ವರ ಬಂದಾವ ಎಂದ. ಇಜಾಜ ಅಪ್ಪನ ಕಡೆ ನೋಡಿದ. ಮುಂಜಾನೆಯಿಂದ ಇದು ಎರಡನೆಯ ಸುಳ್ಳು, ಒಂದು ತಾಯಿಗೆ ಹೇಳಿದ್ದು, ಒಂದು ಮಾಸ್ತರರಿಗೆ, ಎರಡಕ್ಕೂ ಹುಡುಗನೇ ಸಾಕ್ಷಿ. ಒಳಗೆ ಉದ್ದದ ಬೆಂಚಿನ ಮೇಲೆ ಸರದಿಗೆ ಕೂತರು. ಎದುರಿಗೆ ಕೈ ಮುರಿದುಕೊಂಡ ಮುದುಕನೊಬ್ಬ, ಅವನಿಗೆ ಬಾಳೆಹಣ್ಣು ಸುಲಿದು ತಿನ್ನಿಸುತ್ತಿದ್ದ ಮಗಳು. ಇಜಾಜ ತನ್ನ ಎಡಗೈಯನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡು, ಬೇರೆಯವರ ವಸ್ತುವನ್ನು ಕಾಯುವವನಂತೆ ಕೂತಿದ್ದ. ಅವನ ಕಿರುಬೆರಳು ಒಳಮುಖವಾಗಿ ಸೊಟ್ಟ. ಮುಸ್ತಾಕನದೂ ಹಾಗೇ, ಅವನ ತಂದೆ ಕರೀಮಸಾಬನದೂ ಹಾಗೇ ಇತ್ತು. ಹುಟ್ಟಾ ಹುಟ್ಟುತ್ತಲೇ ಕರೀಮಸಾಬನ ಬೆರಳು ತಂದಾನ ಎಂದು ಮನೆಯಲ್ಲಿ ಹೇಳುತ್ತಿದ್ದರು. ಮುಸ್ತಾಕ ಆ ಬೆರಳನ್ನು ನೋಡಿದ. ಅಷ್ಟು ಸಾಕಾಗಬೇಕಿತ್ತು. ಆದರೆ ಎರಡು ವಾರದಿಂದ ಅವನೊಳಗೆ ಕೂತಿದ್ದದ್ದು, ಸೊಟ್ಟ ಬೆರಳು ಯಾರಿಗೆ ಇರೋದಿಲ್ಲ ಎಂದು ಮೆಲ್ಲಗೆ ಹೇಳಿತು.

ಆಗ ಹುಡುಗ ಅವನ ಕಡೆ ವಾಲಿ, ಮಾಸ್ತರರಿಗೆ ಕೇಳಿಸದಂತೆ, ಸಣ್ಣ ದನಿಯಲ್ಲಿ ಅಂದ.

"ಅಬ್ಬಾ, ಆ ಅಜಾನ್ ಕೊಟ್ಟದ್ದು ಹೇಳು ಅವರಿಗೆ. ಅದನ್ನ ಹೇಳಿದ್ರ ನಂಬತಾರ."

ಅದು ಅವರ ಮನೆಯ ಕತೆ. ಬೇರೆ ಮನೆಗಳಲ್ಲಿ ಅಜ್ಜಂದಿರ ಕತೆ, ಜಿನ್ನಿನ ಕತೆ ಇದ್ದಂತೆ ಇವರ ಮನೆಯಲ್ಲಿ ಇದು. ಹುಟ್ಟಿದ ಮಗುವಿನ ಕಿವಿಯಲ್ಲಿ ಮೊದಲು ಅಜಾನ್ ಕೂಗಬೇಕು, ಮಗು ಲೋಕದಲ್ಲಿ ಕೇಳುವ ಮೊದಲ ಮಾತು ಅದಾಗಿರಬೇಕು. ಅಪ್ಪ ದೂರದಲ್ಲಿದ್ದರೆ ಮಾವನೋ ಅಜ್ಜನೋ ಕೂಗುತ್ತಾರೆ. ಶಾಕೀರಾ ಒಪ್ಪಿರಲಿಲ್ಲ. ಹೆತ್ತು ಸುಸ್ತಾಗಿ ಬಿದ್ದಲ್ಲಿಂದಲೇ, ಇದರ ಅಪ್ಪನೇ ಕೂಗಲಿ ಎಂದು ಹಟ ಹಿಡಿದು ಫೋನು ಹಚ್ಚಿಸಿದ್ದಳಂತೆ. ಮುಸ್ತಾಕ ಆಗ ನೀರಿನ ಟ್ಯಾಂಕರು ತುಂಬಿಸುತ್ತ ನಿಂತಿದ್ದ. ಬಿಸಿಲಿಗೆ ಕಬ್ಬಿಣ ಮುಟ್ಟುವಂತಿರಲಿಲ್ಲ. ಟ್ಯಾಂಕರಿನ ಮರೆಗೆ ಹೋಗಿ, ಒಂದು ಕಿವಿಗೆ ಬೆರಳಿಟ್ಟು, ಇನ್ನೊಂದಕ್ಕೆ ಫೋನು ಒತ್ತಿಕೊಂಡು, ಕಣ್ಣಲ್ಲಿ ನೀರು ಸುರಿಸುತ್ತ ಕೂಗಿದ್ದ. ಆ ಕಡೆ ಚೀರುತ್ತಿದ್ದ ಮಗು ಅವನ ದನಿ ಬಿದ್ದದ್ದೇ ಸುಮ್ಮನಾಯಿತು. ಸುಮ್ಮನಾತು ನೋಡ್ರಿ, ಅಪ್ಪನ ದನಿ ಗುರುತು ಹಿಡೀತು ಎಂದು ಶಾಕೀರಾ ಪ್ರತಿ ಈದಿಗೂ ಬಂದವರೆದುರು ಹೇಳುವವಳು. ಸಣ್ಣವನಿದ್ದಾಗ ಇಜಾಜ ಅದನ್ನು ಮತ್ತೆ ಮತ್ತೆ ಹೇಳಿಸಿಕೊಂಡು, ನಾ ಏನಂದೆ, ನಾ ಏನಂದೆ ಎಂದು ಕೇಳುವವನು. ಹ್ಞೂಂ, ಹೇಳ್ತೇನಿ ಎಂದು ಮುಸ್ತಾಕ ಈಗ ತಲೆಯಾಡಿಸಿದ. ಹಾಗೆ ತಲೆಯಾಡಿಸುವಾಗಲೇ, ಫೋನಿನ ಆ ಕಡೆ ಅತ್ತದ್ದು ಎಷ್ಟು ದಿನದ ಮಗು ಎಂದು ನನಗೆ ಹೇಗೆ ಗೊತ್ತು ಎಂಬ ಯೋಚನೆ ಬಂತು. ತನ್ನ ಜೀವನದ ಒಂದೇ ಒಂದು ಪವಿತ್ರ ಘಳಿಗೆಯ ಮೇಲೆ ತಾನೇ ಉಗುಳಿದಂತಾಗಿ, ಅವನು ಬೆಂಚಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡ.

ಡಾಕ್ಟರು ವಿದ್ಯಾಶ್ರೀ ಎಂಬ ಸಣ್ಣ ವಯಸ್ಸಿನ ಹೆಣ್ಣುಮಗಳು, ಹಾನಗಲ್ಲಿನ ಕಡೆಯವಳು. ಹುಡುಗನ ತೋಳು ಮುಟ್ಟಿ ನೋಡಿ, ಹಲ್ಲು ನೋಡಿ, ಎತ್ತರ ತೂಕ ಬರೆದುಕೊಂಡು, ಲಕೋಟೆಯಿಂದ ಚಿತ್ರ ತೆಗೆದು ಬೆಳಕಿನ ಹಲಗೆಗೆ ಸಿಕ್ಕಿಸಿದಳು. ಕತ್ತಲೆಯಲ್ಲಿ ಬೆಳ್ಳಗೆ ಬೆರಳುಗಳು ಬಿಚ್ಚಿಕೊಂಡವು. ಇದು ಇಜಾಜನ ಕೈ ಎಂದು ಮುಸ್ತಾಕನಿಗೆ ಅನ್ನಿಸಲೇ ಇಲ್ಲ, ಯಾರೋ ದೂರದಿಂದ ನಿಲ್ಲು ಎಂದು ಕೈಯೆತ್ತಿದಂತಿತ್ತು. ಬೆಳೆಯುವ ಮಕ್ಕಳಿಗೆ ಮಣಿಕಟ್ಟಿನ ಎಲುಬಿನ ತುದಿಯಲ್ಲಿ ಒಂದು ಸಂದು ಇರುತ್ತದೆ, ಚಿತ್ರದಲ್ಲಿ ಕರಿ ಗೆರೆಯಂತೆ ಕಾಣುತ್ತದೆ, ಬೆಳೆದಂತೆ ಅದು ಕೂಡುತ್ತ ಬರುತ್ತದೆ, ಇವನದು ಬಹುತೇಕ ಕೂಡಿಬಿಟ್ಟಿದೆ ಎಂದು ಆಕೆ ಪೆನ್ನಿನ ತುದಿಯಿಂದ ತೋರಿಸಿದಳು. ಚನ್ನೇಶ ಮಾಸ್ತರರ ಮುಖ ಇಳಿಯಿತು. ಅದನ್ನು ಕಂಡು ಆಕೆ ಕುರ್ಚಿ ಎಳೆದುಕೊಂಡು ಕೂತಳು.

"ಎಲುಬಿಗೆ ಹುಟ್ಟಿದ ತಾರೀಖು ಗೊತ್ತಿರೂದಿಲ್ರಿ ಮಾಸ್ತರ. ಎಷ್ಟು ಬೆಳದೇನಿ ಅನ್ನೂದಷ್ಟ ಅದಕ್ಕ ಗೊತ್ತು. ಕೆಲವೊಬ್ಬರದು ಎರಡು ವರ್ಷ ಮುಂದ ಓಡಿರ್ತದ, ಕೆಲವೊಬ್ಬರದು ಹಿಂದ ಬಿದ್ದಿರ್ತದ."

ಸಮಿತಿಯವರಿಗೆ ಇಷ್ಟು ವ್ಯವಧಾನ ಇರುವುದಿಲ್ಲ, ಅವರು ಚಿತ್ರ ಹೇಳಿದ್ದನ್ನೇ ಹಿಡಿಯುತ್ತಾರೆ ಎಂದು ಆಕೆ ಮುಂದುವರಿಸಿದಳು. ಆದರೆ ಹುಡುಗ ಸಣ್ಣಂದಿನಿಂದಲೂ ಎಲ್ಲದರಲ್ಲೂ ಮುಂದಿದ್ದ, ಬೇಗ ನಡೆದ, ಬೇಗ ಎತ್ತರವಾದ, ಬೇಗ ದನಿ ಒಡೆಯಿತು ಎಂದು ಕಂಡವರು ಗಟ್ಟಿಯಾಗಿ ಹೇಳಿದರೆ, ಇವನ ಎಲುಬು ಮುಂದೋಡುವ ಜಾತಿಯದು ಎಂದು ತಾನು ಹುಡುಗನ ಕಡೆ ನಿಂತು ಬರೆಯಬಹುದು. ತನ್ನ ಮಾತನ್ನು ಅವರು ತೆಗೆದುಹಾಕಲಿಕ್ಕಿಲ್ಲ. ಮುಸ್ತಾಕ ಕೇಳಿಸಿಕೊಳ್ಳುತ್ತಿದ್ದ. ಎಂಟು ತಿಂಗಳಿಗೆ ನಡೆದದ್ದು, ಅಂಗಳದಲ್ಲಿ ಓಡಿದ್ದು, ಯಾರಿಂವ ಎಂದು ಸ್ಪಷ್ಟವಾಗಿ ಕೇಳಿದ್ದು, ಎರಡು ವಾರದಿಂದ ಹಗಲೂ ರಾತ್ರಿ ತಾನು ಹೆಂಡತಿಯ ವಿರುದ್ಧ ಒಂದೊಂದಾಗಿ ಕೂಡಿಸಿಟ್ಟದ್ದೆಲ್ಲ, ಈ ಹೆಣ್ಣುಮಗಳಿಗೆ ಬೇಕಾದದ್ದೇ ಅದು. ಅದನ್ನೇ ಬಾಯಿಬಿಟ್ಟು ಹೇಳಿದರೆ ಮಗ ನಾಳೆ ಶಿಬಿರಕ್ಕೆ ಹೋಗುತ್ತಾನೆ. ಎಂಟಾಗಲಿ ಒಂಬತ್ತಾಗಲಿ. ಎದೆಯ ಮೇಲಿನದು ಎದ್ದು ಹೋದಂತೆ, ಒಂದು ಗಳಿಗೆ, ಎಷ್ಟೋ ದಿನದ ಮೇಲೆ ಉಸಿರು ಪೂರಾ ಒಳಗೆ ಹೋಯಿತು. ಇಜಾಜ ಅವನನ್ನೇ ನೋಡುತ್ತಿದ್ದ. ಪಂದ್ಯದಲ್ಲಿ ಎದುರಾಳಿಯ ಅಂಗಳಕ್ಕೆ ನುಗ್ಗುವ ಮೊದಲು ಗೆರೆಯ ಹೊರಗೆ ಅಪ್ಪ ಎಲ್ಲಿದ್ದಾನೆಂದು ಹುಡುಕುತ್ತಿದ್ದ ಅದೇ ನೋಟ.

ಹಂಗಾರ ಇವನಿಗೆ ಹದಿನೈದೇ ಎಂದು ನೀವು ಖಾತ್ರಿಯಿಂದ ಹೇಳುತ್ತೀರಲ್ಲ, ಸಣ್ಣಂದಿನದ್ದೆಲ್ಲ ನೀವೇ ಕಂಡಿದ್ದೀರಲ್ಲ ಎಂದು ಆಕೆ ಪೆನ್ನು ಹಿಡಿದು, ನಗುತ್ತ ಕೇಳಿದಳು. ಮುಸ್ತಾಕ ಬಾಯಿ ತೆರೆದ. ಹೌದ್ರಿ ಎಂಬ ಮಾತು ನಾಲಿಗೆಯ ಮೇಲೆ ಬಂದು ನಿಂತಿತ್ತು. ಮಂದಿಯನ್ನು ನಗಿಸಲು, ದಾರಿ ಸವೆಸಲು, ಜಗಳ ಬಿಡಿಸಲು ಜೀವನವಿಡೀ ಸಾವಿರ ಮಾತಾಡಿದವನಿಗೆ ಅದೊಂದು ಮಾತು ಹೊರಗೆ ಬರಲಿಲ್ಲ. ಬಂದದ್ದು ಇನ್ನೊಂದು.

"ನಾ ಆಗ ಇಲ್ಲಿ ಇರಲಿಲ್ರಿ. ಸೌದಿಯೊಳಗ ಇದ್ನಿ. ಅವರು ಹೇಳಿದ್ದಷ್ಟ ನನಗ ಗೊತ್ತು."

ಅದರಲ್ಲಿ ಸುಳ್ಳು ಏನೂ ಇರಲಿಲ್ಲ. ಮುಂಜಾನೆಯಿಂದ ಅವನು ಆಡಿದ ಮೊದಲ ಖರೇ ಮಾತು ಅದು. ಡಾಕ್ಟರಿಗೆ ಅದರಲ್ಲಿ ಏನೂ ಕೇಳಿಸಲಿಲ್ಲ, ಮಾಸ್ತರರಿಗೂ ಇಲ್ಲ. ಅವರು ಎಂದರೆ ಯಾರು ಎಂದು ಆಕೆ ಬರೆದುಕೊಳ್ಳಲೆಂದಷ್ಟೇ ಕೇಳಿದಳು. ಇವನ ತಾಯಿ, ತಾಯಿಯ ತವರಮನಿಯವರು ಎಂದ ಮುಸ್ತಾಕ. ಹೇಳಿದ ಮೇಲೆ ಮಗನ ಕಡೆ ತಿರುಗಿದ. ಹುಡುಗನ ಮುಖದಲ್ಲಿ ಸಿಟ್ಟು ಇರಲಿಲ್ಲ. ಚಹಾದಂಗಡಿಯ ಹೊರಗೆ ಬೈಕಿಗೆ ಒರಗಿ ನಿಂತು ನೋಡಿದಾಗ ಅರ್ಥವಾಗದೆ ಉಳಿದದ್ದು ಏನೋ ಈಗ ನಿಧಾನವಾಗಿ ಅರ್ಥವಾಗುತ್ತಿರುವಂತೆ, ಅವನ ಕಣ್ಣು ಅಪ್ಪನ ಮುಖದಿಂದ ಗದ್ದಕ್ಕೆ, ಗದ್ದದಿಂದ ಅಂಗಿಯ ಗುಂಡಿಗೆ, ಅಲ್ಲಿಂದ ನೆಲಕ್ಕೆ ಇಳಿಯಿತು. ತಾಯಿಗೆ ಫೋನು ಹಚ್ಚಿ, ನಾನೇ ಮಾತಾಡುತ್ತೇನೆ, ಆಕೆ ಹೇಳಿದರೂ ನಡೆಯುತ್ತದೆ ಎಂದಳು ಡಾಕ್ಟರು. ಮುಸ್ತಾಕ ಫೋನು ತೆಗೆದ. ಶಾಕೀರಾಳ ಹೆಸರು ಬಂತು. ಒತ್ತಿದರೆ ಆಕೆ ಎತ್ತುತ್ತಾಳೆ, ಹಿಟ್ಟಿನ ಕೈಯಲ್ಲೋ ಒದ್ದೆ ಕೈಯಲ್ಲೋ ಎತ್ತುತ್ತಾಳೆ, ಯಾರೋ ತಿಳಿಯದ ಹೆಣ್ಣಿನ ದನಿ ಆಕೆಯನ್ನು ನಿಮ್ಮ ಮಗ ಯಾವಾಗ ಹುಟ್ಟಿದ್ದು ಎಂದು ಕೇಳುತ್ತದೆ, ಆಕೆ ಒಂದು ಗಳಿಗೆ ತಡೆದರೆ? ನೆನಪಿಸಿಕೊಳ್ಳಲೆಂದೇ ತಡೆದರೂ, ಆ ತಡೆದ ಗಳಿಗೆಯನ್ನು ತಾನು ಸಾಯುವ ತನಕ ಇಟ್ಟುಕೊಂಡು ಬದುಕಬೇಕು. ಅವನ ಹೆಬ್ಬೆರಳು ಹೆಸರಿನ ಮೇಲೆ ಮುಟ್ಟದೆ ನಿಂತಿತ್ತು. ಪಕ್ಕ ಕೂತ ಹುಡುಗ ಆ ಬೆರಳನ್ನು ನೋಡುತ್ತಿದ್ದ.

"ಅಮ್ಮಾಗ ಕೇಳಬ್ಯಾಡ್ರಿ," ಎಂದ ಇಜಾಜ.

ಯಾಕಪಾ ಎಂದಳು ಡಾಕ್ಟರು.

"ಬ್ಯಾಡ್ರಿ ಮೇಡಂ. ನನಗ ಆಟ ಬ್ಯಾಡ. ಮಷಿನ್ ಏನ್ ಹೇಳೇತಿ ಅದನ್ನ ಬರದು ಕಳಿಸ್ರಿ."

ಚನ್ನೇಶ ಮಾಸ್ತರ ಎದ್ದೇ ಬಿಟ್ಟರು. ಹುಚ್ಚ ಹಿಡದದೇನಲೇ, ನಾಕು ವರ್ಷ ಮಣ್ಣಾಗ ಹೊರಳಿದ್ದು ಇದಕ್ಕೇನು ಎಂದು ಹುಡುಗನ ಭುಜ ಹಿಡಿದು ಅಲ್ಲಾಡಿಸಿದರು. ಡಾಕ್ಟರು ಪೆನ್ನು ಕೆಳಗಿಟ್ಟು, ಹೆದರಬೇಡ, ತಾಯಿಯನ್ನು ನಾಲ್ಕೇ ಮಾತು ಕೇಳುತ್ತೇನೆ ಎಂದು ತಿಳಿಹೇಳಿದಳು. ತಾಯಿ ಎಂದಾಗೆಲ್ಲ ಹುಡುಗ ಬ್ಯಾಡ ಎನ್ನುತ್ತಿದ್ದ, ದನಿ ಏರಿಸದೆ, ಒಂದೇ ಸಮನೆ. ಅಂಗಳದಲ್ಲಿ ಏಳು ಜನ ಮೇಲೆ ಬಿದ್ದರೂ ಗೆರೆಗೆ ಕೈ ಚಾಚುವುದನ್ನು ಬಿಡದ ಹುಡುಗ. ಈಗ ಇವನು ಯಾವ ಗೆರೆಗೆ ಕೈ ಚಾಚಿದ್ದಾನೆ, ಯಾರನ್ನು ಯಾರಿಂದ ಕಾಯುತ್ತಿದ್ದಾನೆ ಎಂಬುದು ಆ ಕೋಣೆಯಲ್ಲಿ ಮುಸ್ತಾಕನೊಬ್ಬನಿಗೇ ತಿಳಿದಿತ್ತು. ಈಗಲೂ ಮಾತಾಡಬಹುದಿತ್ತು. ನನ್ನ ಮಗ, ನಾನೇ ಕಿವಿಯಲ್ಲಿ ಅಜಾನ್ ಕೂಗಿದ್ದೇನೆ, ಬರ್ಕೊಳ್ರಿ ಎಂದು ಟೇಬಲ್ಲು ಗುದ್ದಿ ಹೇಳಬಹುದಿತ್ತು. ಆದರೆ ಈಗ ಹೇಳಿದರೆ ಮಗ ನಂಬುತ್ತಾನೆಯೆ ಎಂಬ ಹೆದರಿಕೆ ಹುಟ್ಟಿತ್ತು, ಮತ್ತು ಆ ಹೆದರಿಕೆಯಲ್ಲಿ ಅವನ ಅನುಮಾನ ಎತ್ತಲೋ ಹೋಗಿಬಿಟ್ಟಿತ್ತು. ಎರಡು ವಾರ ಕೊಡವಿದರೂ ಉದುರದ್ದು ಹೇಳದೆ ಕೇಳದೆ ಹೋಗಿತ್ತು. ಹೋದ ಮೇಲೆ ಉಳಿದದ್ದು ತಾನು ಆಡಿದ ಮಾತು, ಮತ್ತು ಅದನ್ನು ಕೇಳಿಸಿಕೊಂಡ ಹುಡುಗ. ಡಾಕ್ಟರು ನಿಟ್ಟುಸಿರು ಬಿಟ್ಟು, ಬೆಳಕಿನ ಹಲಗೆಯಿಂದ ಚಿತ್ರವನ್ನು ಇಳಿಸಿದಳು.

ಹೊರಗೆ ಬಂದ ಮೇಲೆ ಚನ್ನೇಶ ಮಾಸ್ತರ ಚಹಾಕ್ಕೂ ನಿಲ್ಲಲಿಲ್ಲ. ಪ್ರಮಾಣಪತ್ರಗಳ ಕಟ್ಟನ್ನು ಇಜಾಜನ ಕೈಗೆ ಕೊಟ್ಟು, ಅವನ ತಲೆಯ ಮೇಲೆ ಒಂದು ಸಲ ಕೈಯಿಟ್ಟು, ಮುಸ್ತಾಕನನ್ನು ಬದಿಗೆ ಕರೆದರು. ಹೌದು ಅನ್ನೋದೊಂದ ಮಾತು ನಿಮಗ ಭಾರ ಆತೇನ್ರಿ ಎಂದರು. ಮುಸ್ತಾಕ ಅವರ ಚಪ್ಪಲಿಯನ್ನು ನೋಡುತ್ತ ನಿಂತ.

ಹೋಗುವಾಗ ಲಕೋಟೆಯ ಆಚೆಯಿಂದಾದರೂ ಬೆನ್ನಿಗೆ ತಾಗುತ್ತಿದ್ದ ಹುಡುಗ ಬರುವಾಗ ಹಿಂದಕ್ಕೆ ಸರಿದು, ಕ್ಯಾರಿಯರಿನ ಕಂಬಿ ಹಿಡಿದು ಕೂತಿದ್ದ. ರಸ್ತೆಯ ಗುಂಡಿಗಳಲ್ಲಿ ಬೈಕು ಎಗರಿದರೂ ಅವನ ಮೈ ಇವನ ಮೈಗೆ ತಾಗಲಿಲ್ಲ. ಅಷ್ಟು ಎಚ್ಚರದಿಂದ ಕೂರಲು ಎಷ್ಟು ಕಷ್ಟಪಡುತ್ತಿರಬೇಕು ಎಂದು ಮುಸ್ತಾಕ ಯೋಚಿಸಿದ. ದಾರಿಯುದ್ದಕ್ಕೂ ಮಾತುಗಳನ್ನು ಹೊಂದಿಸಿದ. ನಾ ಹಂಗ ಅಂದದ್ದು ನೀ ತಿಳದಂಗ ಅಲ್ಲ ಎಂದು ಹೇಳಬೇಕು. ಆದರೆ ಹುಡುಗ ತಿಳಿದದ್ದು ಏನು ಎಂದು ಹೇಳದೆ, ಅದು ಅಲ್ಲ ಎಂದು ಹೇಗೆ ಹೇಳುವುದು? ಬಾಯಿಬಿಟ್ಟರೆ ಇಬ್ಬರೂ ಆಡದೆ ಬಿಟ್ಟದ್ದು ಆಡಿದಂತಾಗುತ್ತದೆ. ಸವಣೂರಿನಲ್ಲಿ ಕರಿದ ತಿಂಡಿಯ ಅಂಗಡಿಯ ಮುಂದೆ ಬೈಕು ನಿಲ್ಲಿಸಿ, ಖಾರ ತಗೊಳ್ಳೋಣೇನು, ನಿನಗ ಸೇರ್ತದಲ್ಲ ಎಂದ. ತನ್ನ ದನಿ ತನಗೇ ಭಿಕ್ಷೆ ಬೇಡಿದಂತೆ ಕೇಳಿಸಿತು. ಹುಡುಗ ಇಳಿಯಲಿಲ್ಲ. ರಸ್ತೆಯ ಆ ಬದಿಯ ಗೋಡೆಯನ್ನು ನೋಡುತ್ತ, ಆಸ್ಪತ್ರೆ ಬಿಟ್ಟ ಮೇಲೆ ಅಪ್ಪನೊಡನೆ ಮೊದಲ ಸಲ ಮಾತಾಡಿದ. ಜೀವಮಾನವಿಡೀ ಅಪ್ಪನಿಗೆ ನೀ ಎಂದೇ ಅಂದವನು.

"ನೀವು ಅಮ್ಮಾಗ ಏನೂ ಕೇಳಬ್ಯಾಡ್ರಿ. ಯಾವತ್ತೂ."

ಮುಸ್ತಾಕ ಇಲ್ಲ ಎಂದ. ಬೈಕು ಶುರು ಮಾಡಲು ಕಿಕ್ಕರ್ ಒದ್ದ, ಮತ್ತೆ ಒದ್ದ.

ಶಾಕೀರಾ ಬಾಗಿಲಲ್ಲೇ ಇದ್ದಳು. ಬುರ್ಖಾ ತೆಗೆದಿಟ್ಟು ಮನೆಸೀರೆ ಉಟ್ಟಿದ್ದಳು. ಏನಂದ್ರು ಎಂದು ಆಕೆ ಕೇಳಿದ್ದು ಗಂಡನನ್ನು, ಆದರೆ ಉತ್ತರ ಹೇಳಿದವನು ಇಜಾಜ. ಬೈಕಿನಿಂದ ಜಿಗಿದು, ತಾಯಿಯ ಕೈ ಹಿಡಿದುಕೊಂಡು, ಮುಸ್ತಾಕ ಎಂದೂ ಅವನಲ್ಲಿ ಕೇಳದಿದ್ದ ಹಗುರಾದ ದೊಡ್ಡವರ ದನಿಯಲ್ಲಿ ಹೇಳತೊಡಗಿದ. ಡಾಕ್ಟರು ಭಾಳ ಛಲೋ ಇದ್ದರು. ಅವರಿಗೂ ಬೇಜಾರಾತು. ಎಲುಬು ಮುಂದೆ ಓಡಿಬಿಟ್ಟಿದೆ, ಅವರ ಕಾನೂನು ಹಾಗೇ ಇದೆ, ಅವರೇನು ಮಾಡುತ್ತಾರೆ. ಬರುವ ವರ್ಷ ದೊಡ್ಡವರ ತಂಡಕ್ಕೆ ಆಡಿದರಾಯಿತು.

"ಅಬ್ಬಾ ಭಾಳ ಹೇಳಿದ್ರು ಅಮ್ಮಾ. ನನ್ನ ಮಗ, ನನಗ ಗೊತ್ತಿಲ್ಲೇನ್ರಿ ಅಂತ ಜಗಳಾನ ತಗದ್ರು. ಮಾಸ್ತರ ಸಮಾಧಾನ ಮಾಡಬೇಕಾತು."

ಹೇಳಿ ಅವನು ಬಾಗಿಲ ಹಿಂದಿನ ಬ್ಯಾಗನ್ನು ಎತ್ತಿಕೊಂಡು ಒಳಕೋಣೆಗೆ ಹೋದ. ಶಾಕೀರಾ ಸೆರಗಿನಿಂದ ಕಣ್ಣೊತ್ತಿಕೊಂಡಳು. ಆಮೇಲೆ ಗಂಡನ ಕಡೆ ತಿರುಗಿದಳು. ಆಕೆ ಹಾಗೆ ಕಣ್ತುಂಬ ನೋಡಿದ್ದು ಬಹುಶಃ ಅವನು ಸೌದಿಯಿಂದ ಬಂದ ದಿನ, ಆಮೇಲೆ ಇಂದೇ. ಕಾಲು ತೊಳ್ಕೊಂಡು ಬರ್ರಿ, ಉಣ್ಣುವಿರಂತೆ ಎಂದಳು. ಅವನು ಕಾಲು ತೊಳೆದು ಬಂದು ಕೂತ. ಮಗನನ್ನು ಕರೆದಳು, ಹಸಿವಿಲ್ಲ ಎಂದು ಒಳಗಿನಿಂದಲೇ ಉತ್ತರ ಬಂತು, ಬ್ಯಾಗಿನ ಚೈನು ಎಳೆದು ತೆರೆಯುತ್ತಿದ್ದ ಸದ್ದಿನ ನಡುವೆ. ಆಕೆ ರೊಟ್ಟಿ ಹಾಕಿದಳು, ಬದನೆಕಾಯಿ ಪಲ್ಯ ಹಾಕಿದಳು, ಮೇಲೆ ಇಷ್ಟು ಬೆಣ್ಣೆ ಇಟ್ಟಳು. ಎದುರಿಗೆ ಕೂತು, ಸಣ್ಣ ದನಿಯಲ್ಲಿ, ಮಗನಿಗೆ ಕೇಳಿಸದಂತೆ ಹೇಳಿದಳು.

"ನಾನ ಬರಬೇಕಿತ್ತು ಅಂತ ಮುಂಜಾನಿಂದ ಸುಮ್ಮನ ಜೀವಕ್ಕ ಹಚಗೊಂಡು ಕುಂತಿದ್ನಿ. ನಾ ಇದ್ದಿದ್ರ ನನಗ ಅಷ್ಟು ಜಗಳಾಡಾಕ ಆಗ್ತಿತ್ತೇನ್ರಿ? ಹೋಗ್ಲಿ ಬಿಡ್ರಿ. ತಂಡ ಹೋದ್ರ ಹೋತು. ಅಪ್ಪ ನನ್ನ ಕಡೆ ನಿಂತ ಅನ್ನೂದು ಅಂವಗ ಗೊತ್ತಾತಲ್ಲ, ಅಷ್ಟ ಸಾಕು."

ಮುಸ್ತಾಕ ತುತ್ತು ಮುರಿದ. ಒಳಕೋಣೆಯಲ್ಲಿ ಬಟ್ಟೆಗಳು ಒಂದೊಂದಾಗಿ ಬ್ಯಾಗಿನಿಂದ ಹೊರಗೆ ಬಂದು ಗೂಟಕ್ಕೆ ಮರಳುತ್ತಿದ್ದವು. ಅವನು ಅಗಿದ, ನುಂಗಿದ. ತಾಟು ಖಾಲಿಯಾಗುವ ಮೊದಲೇ ಶಾಕೀರಾ ಇನ್ನೊಂದು ರೊಟ್ಟಿ ಹಾಕಿದಳು, ಅದು ಮುಗಿಯುವ ಮೊದಲೇ ಮತ್ತೊಂದು. ಸಾಕು ಎನ್ನಲು ಅವನಿಗೆ ಬಾಯಿ ಬರಲಿಲ್ಲ.